ಮಧ್ಯ ಏಷ್ಯಾದ ಸಮಾನ ಪರಂಪರೆ ಮತ್ತು ನೆರೆಹೊರೆಯ ಸಹಕಾರ

ಕಜಕ್‌ಸ್ತಾನ, ಕಿರ್ಗಿಸ್ತಾನ, ತಾಜಿಕಿಸ್ತಾನ, ತುರ್ಕ್‌ಮೆನಿಸ್ತಾನ, ಉಜ್ಬೇಕಿಸ್ತಾನ ಎಂಬ ಐದು ದೇಶಗಳು 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಸ್ವತಂತ್ರವಾದವು. ಒಟ್ಟು ವಿಸ್ತೀರ್ಣ ಸುಮಾರು 40 ಲಕ್ಷ ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 8 ಕೋಟಿ. ಇವುಗಳ ಸಂಗೀತ, ಹಬ್ಬ, ಅಡುಗೆ, ಕಾವ್ಯ, ಕಟ್ಟಡ ಕಲೆ, ಹಳೆಯ ವ್ಯಾಪಾರದ ಹಾದಿಗಳು ಬಹುಪಾಲು ಒಂದೇ ಬೇರಿನವು. ಈ ಸಮಾನ ಆಸ್ತಿಯನ್ನು ಮುಂದಿಟ್ಟುಕೊಂಡು ಐದೂ ದೇಶಗಳು ಪರಸ್ಪರ ಹತ್ತಿರವಾಗಲು ನಡೆಸಿದ ಯತ್ನಗಳ ಪರಿಚಯ ಇಲ್ಲಿದೆ.

ಪರಂಪರೆ ಒಂದೇ ಆಗಿದ್ದರೆ ನೆರೆಯವರು ತಾವಾಗಿಯೇ ಒಂದಾಗುತ್ತಾರೆ ಎಂಬ ಮಾತು ಸಮ್ಮೇಳನಗಳ ವೇದಿಕೆಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ಮಧ್ಯ ಏಷ್ಯಾದ ಅನುಭವ ಅದನ್ನು ಪೂರ್ತಿ ಒಪ್ಪುವುದಿಲ್ಲ. ಇಲ್ಲಿ ಅದೇ ಪರಂಪರೆ ಹಲವು ವರ್ಷ ಜಗಳದ ಸರಕಾಗಿತ್ತು. ಕೊನೆಗೆ ಗಡಿಗಳನ್ನು ತೆರೆಸಿದ್ದು ರಾಜಕೀಯ ನಿರ್ಧಾರಗಳು. ಆದರೆ ಗಡಿ ಮುಚ್ಚಿದ್ದ ಕಾಲದಲ್ಲೂ ಯುನೆಸ್ಕೊ ಪಟ್ಟಿಗೆಂದು ಸಿದ್ಧಪಡಿಸುತ್ತಿದ್ದ ಕೆಲವು ಜಂಟಿ ಕಡತಗಳು ಕಚೇರಿಯಿಂದ ಕಚೇರಿಗೆ ಓಡಾಡುತ್ತಲೇ ಇದ್ದವು. ಬಾಗಿಲು ತೆರೆದ ದಿನ ಕೆಲಸ ಬಲ್ಲ ಜನ, ಎರಡೂ ಕಡೆ ಒಪ್ಪಿದ ನಕ್ಷೆ, ಪರಿಚಯದ ಮುಖಗಳು ಸಿದ್ಧವಾಗಿದ್ದದ್ದು ಆ ಕಡತಗಳಿಂದ. ಪರಂಪರೆಯ ನಿಜವಾದ ಉಪಯೋಗ ಇಲ್ಲಿ ಕಂಡದ್ದು ಇಷ್ಟು, ಮತ್ತು ಇದು ಸಣ್ಣದೇನಲ್ಲ.

ಗಡಿ ಬಿದ್ದ ಬಗೆ

20ನೆಯ ಶತಮಾನದ ಆರಂಭದವರೆಗೆ ಈ ನಾಡಿನಲ್ಲಿ ಇಂದಿನ ಹೆಸರಿನ ದೇಶಗಳಿರಲಿಲ್ಲ. ಬುಖಾರಾದ ಅಮೀರ, ಖೀವಾದ ಖಾನ, ಅವರ ಆಚೆ ಹುಲ್ಲುಗಾವಲಿನ ಅಲೆಮಾರಿ ಕುಲಗಳು, ಎಲ್ಲರ ಮೇಲೆ ರಷ್ಯದ ಜಾರ್. ಸಮರ್‌ಖಂದ್, ಬುಖಾರಾಗಳಂಥ ಊರುಗಳಲ್ಲಿ ಒಂದೇ ಮನೆಯವರು ಪರ್ಷಿಯನ್ನಿನ ಬಗೆಯಾದ ತಾಜಿಕ್ ಭಾಷೆಯನ್ನೂ ತುರ್ಕಿಕ್ ಬಗೆಯ ಉಜ್ಬೆಕ್ಕನ್ನೂ ಆಡುತ್ತಿದ್ದರು. ‘ನೀನು ಯಾರು’ ಎಂದರೆ ಊರಿನ ಹೆಸರನ್ನೋ ಕುಲದ ಹೆಸರನ್ನೋ ಹೇಳುತ್ತಿದ್ದರು.

1924ರಲ್ಲಿ ಸೋವಿಯತ್ ಸರ್ಕಾರ ಭಾಷೆ ಮತ್ತು ಜನಾಂಗದ ಲೆಕ್ಕದಲ್ಲಿ ನಾಡನ್ನು ಪಾಲು ಮಾಡಿತು. ಉಜ್ಬೆಕ್ ಮತ್ತು ತುರ್ಕ್‌ಮೆನ್ ಗಣರಾಜ್ಯಗಳು ಹುಟ್ಟಿದವು. ತಾಜಿಕ್ ಪ್ರಾಂತ ಮೊದಲು ಉಜ್ಬೆಕ್ ಗಣರಾಜ್ಯದ ಒಳಗಿದ್ದು 1929ರಲ್ಲಿ ಬೇರೆಯಾಯಿತು. ಕಜಕ್ ಮತ್ತು ಕಿರ್ಗಿಸ್ ಪ್ರಾಂತಗಳು 1936ರಲ್ಲಿ ಪೂರ್ಣ ಗಣರಾಜ್ಯಗಳಾದವು. ತಾಜಿಕ್ ಭಾಷಿಕರು ದಟ್ಟವಾಗಿದ್ದ ಸಮರ್‌ಖಂದ್ ಮತ್ತು ಬುಖಾರಾ ಉಜ್ಬೇಕಿಸ್ತಾನದ ಪಾಲಿಗೆ ಬಂದವು. ಫಲವತ್ತಾದ ಫರ್ಗಾನಾ ಕಣಿವೆ ಮೂರು ಗಣರಾಜ್ಯಗಳ ನಡುವೆ ಹರಿದು ಹೋಯಿತು. ಸೋಖ್, ವೊರುಖ್‌ಗಳಂಥ ಪ್ರದೇಶಗಳು ಒಂದು ದೇಶಕ್ಕೆ ಸೇರಿಯೂ ಇನ್ನೊಂದು ದೇಶದ ನೆಲದ ನಡುವೆ ದ್ವೀಪಗಳಂತೆ ಉಳಿದವು. ಒಂದೇ ಒಕ್ಕೂಟದ ಒಳಗಿದ್ದಷ್ಟು ಕಾಲ ಇದು ಜಿಲ್ಲೆಯ ಗಡಿಯಷ್ಟೇ ಆಗಿತ್ತು. 1991ರ ನಂತರ ಅದೇ ಗೆರೆಯ ಮೇಲೆ ಪಾಸ್‌ಪೋರ್ಟು ಕೇಳುವ ಯೋಧರು ನಿಂತರು.

ಲಿಪಿಯ ಪಾಡು ಇನ್ನೂ ವಿಚಿತ್ರ. ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದವರು 1920ರ ದಶಕದ ಕೊನೆಯಲ್ಲಿ ಲ್ಯಾಟಿನ್ನಿಗೂ 1940ರ ಹೊತ್ತಿಗೆ ಸಿರಿಲಿಕ್ಕಿಗೂ ಬದಲಾಗಬೇಕಾಯಿತು. ಸ್ವಾತಂತ್ರ್ಯದ ಬಳಿಕ ಉಜ್ಬೆಕ್, ತುರ್ಕ್‌ಮೆನ್ ಭಾಷೆಗಳು ಮತ್ತೆ ಲ್ಯಾಟಿನ್ನಿನ ದಾರಿ ಹಿಡಿದವು; ತಾಜಿಕ್, ಕಿರ್ಗಿಸ್ ಭಾಷೆಗಳು ಸಿರಿಲಿಕ್‌ನಲ್ಲೇ ಉಳಿದವು. ಅಜ್ಜನ ಕೈಬರಹದ ಗಜಲುಗಳ ಪುಸ್ತಕ ಮನೆಯ ಗೂಡಿನಲ್ಲಿದ್ದರೂ ಮೊಮ್ಮಗನಿಗೆ ಅದು ಓದಲು ಬಾರದು.

ಪಾಲಿಗೆ ಬಂದ ವೀರರು

ಹೊಸ ದೇಶಗಳಿಗೆ ಹಳೆಯ ವೀರರು ಬೇಕಿದ್ದರು. ಉಜ್ಬೇಕಿಸ್ತಾನ ತೈಮೂರನನ್ನು ಆರಿಸಿಕೊಂಡು ತಾಷ್ಕೆಂಟಿನಲ್ಲಿ ಮಾರ್ಕ್ಸ್‌ ಪ್ರತಿಮೆ ತೆರವಾದ ಚೌಕದಲ್ಲಿ ನಿಲ್ಲಿಸಿತು. ಕಿರ್ಗಿಸ್ತಾನ ‘ಮನಸ್’ ಮಹಾಕಾವ್ಯದ ನಾಯಕನನ್ನು ಮುಂದಿಟ್ಟು 1995ರಲ್ಲಿ ಆ ಕಾವ್ಯದ ಸಾವಿರ ವರ್ಷವನ್ನು ಆಚರಿಸಿತು. ತಾಜಿಕಿಸ್ತಾನ ಹತ್ತನೆಯ ಶತಮಾನದಲ್ಲಿ ಪರ್ಷಿಯನ್ ಕಾವ್ಯಕ್ಕೆ ಆಸರೆಯಾಗಿದ್ದ ಸಮಾನಿ ಅರಸುಮನೆತನವನ್ನು ತನ್ನ ಮೂಲವೆಂದು ಸಾರಿ, 1999ರಲ್ಲಿ ಅದರ 1,100ನೆಯ ವರ್ಷವನ್ನು ಆಚರಿಸಿತು. ಮರುವರ್ಷ ತನ್ನ ಹಣಕ್ಕೆ ‘ಸೋಮೋನಿ’ ಎಂದು ಹೆಸರಿಟ್ಟಿತು. ಆ ಹೆಸರಿನ ಹಿಂದಿರುವ ಇಸ್ಮಾಯಿಲ್ ಸಮಾನಿಯ ಸಮಾಧಿಯೆಂದು ಪ್ರಸಿದ್ಧವಾದ ಚೊಕ್ಕ ಇಟ್ಟಿಗೆ ಕಟ್ಟಡವಿರುವುದು ಬುಖಾರಾದಲ್ಲಿ, ಅಂದರೆ ಉಜ್ಬೇಕಿಸ್ತಾನದಲ್ಲಿ. ತೈಮೂರ ಕಟ್ಟಿಸಿದ ಅತಿ ದೊಡ್ಡ ಕಟ್ಟಡಗಳಲ್ಲೊಂದಾದ ಖೋಜಾ ಅಹ್ಮದ್ ಯಸ್ಸಾವಿ ಸಮಾಧಿಯೋ ಕಜಕ್‌ಸ್ತಾನದ ತುರ್ಕಿಸ್ತಾನ್ ಊರಿನಲ್ಲಿದೆ. ವೀರ ಒಂದು ಕಡೆ, ಅವನ ಕಟ್ಟಡ ಇನ್ನೊಂದು ಕಡೆ ಎಂಬುದು ಈ ನಾಡಿನ ಮಾಮೂಲಿ ಸ್ಥಿತಿ.

ಕವಿಗಳ ವಿಷಯದಲ್ಲಿ ಪಾಲು ಮಾಡುವುದು ಇನ್ನೂ ಕಷ್ಟ. ಈಗ ಅಫ್ಘಾನಿಸ್ತಾನದಲ್ಲಿರುವ ಹೆರಾತಿನಲ್ಲಿ 15ನೆಯ ಶತಮಾನದಲ್ಲಿ ಜಾಮಿ (1414–1492) ಮತ್ತು ನವಾಯಿ (1441–1501) ಬಾಳಿದರು. ಜಾಮಿಯ ಭಾಷೆ ಪರ್ಷಿಯನ್. ನವಾಯಿ ಮುಖ್ಯವಾಗಿ ಚಗತಾಯ್ ತುರ್ಕಿಯಲ್ಲಿ ಬರೆದು ಪರ್ಷಿಯನ್ನಿನಲ್ಲೂ ಕೈಯಾಡಿಸಿದವನು. ವಯಸ್ಸಿನಲ್ಲಿ ಹಿರಿಯನಾದ ಜಾಮಿ ನವಾಯಿಗೆ ಗುರುಸಮಾನ. ಇಂದು ನವಾಯಿ ಉಜ್ಬೆಕ್ ಸಾಹಿತ್ಯದ ಪಿತಾಮಹ, ಜಾಮಿ ತಾಜಿಕರ ಆಚಾರ್ಯ. ಸಮರ್‌ಖಂದದಲ್ಲಿ ಇಬ್ಬರೂ ಜತೆಯಾಗಿರುವ ಪ್ರತಿಮೆಯಿದೆ. ನಮ್ಮ ಬೀದರಿಗೂ ಜಾಮಿಯ ನಂಟುಂಟು. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್ ಅವನೊಡನೆ ಪತ್ರವ್ಯವಹಾರ ಇಟ್ಟುಕೊಂಡಿದ್ದ. ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾ, ಬಣ್ಣದ ಹೆಂಚಿನ ಮೈಯನ್ನು ಸಿಡಿಲು, ಸ್ಫೋಟ, ಮಳೆಗಳಿಗೆ ಕಳೆದುಕೊಂಡ ಮೇಲೂ, ಆ ಕಾಲದ ಸಮರ್‌ಖಂದ್–ಹೆರಾತ್ ಶೈಲಿಯ ನೇರ ಬಂಧುವಾಗಿಯೇ ಕಾಣುತ್ತದೆ.

ಶಶ್‌ಮಕೋಮ್

ಪಾಲು ಮಾಡಿದ್ದೂ ಮತ್ತೆ ಕೂಡಿಸಿದ್ದೂ ಅತ್ಯಂತ ಸ್ಪಷ್ಟವಾಗಿ ಕಾಣುವುದು ಶಶ್‌ಮಕೋಮ್ ಎಂಬ ಶಾಸ್ತ್ರೀಯ ಸಂಗೀತದಲ್ಲಿ. ಬುಖಾರಾದ ಆಸ್ಥಾನದಲ್ಲಿ ಬೆಳೆದ ಇದು ಬುಜ್ರುಕ್, ರೋಸ್ತ್, ನವೋ, ದುಗೋಹ್, ಸೆಗೋಹ್, ಇರೋಕ್ ಎಂಬ ಆರು ದೊಡ್ಡ ಕಟ್ಟುಗಳ ಸಮೂಹ. ಪ್ರತಿಯೊಂದರಲ್ಲೂ ಮೊದಲು ಬರಿಯ ವಾದ್ಯದ ಭಾಗ, ಆಮೇಲೆ ಹಾಡಿನ ಭಾಗ. ಉದ್ದ ಕತ್ತಿನ ತಂಬೂರ್, ಕಮಾನಿನಿಂದ ನುಡಿಸುವ ಗಿಜಾಕ್, ತಾಳಕ್ಕೆ ದೊಡ್ಡ ಚರ್ಮದ ಬಳೆಯಂಥ ದೋಯಿರಾ. ಗಾಯಕ ಕೆಳಗಿನ ಸ್ಥಾಯಿಯಲ್ಲಿ ಮೆಲ್ಲಗೆ ತೊಡಗಿ, ಸಾಲಿನಿಂದ ಸಾಲಿಗೆ ಏರುತ್ತ, ‘ಔಜ್’ ಎಂಬ ಶಿಖರ ಮುಟ್ಟಿ ಮತ್ತೆ ಇಳಿಯುತ್ತಾನೆ. ಆ ಏರಿಕೆಗೆ ಕಾದು ಕೂತ ಕೇಳುಗರಿಗೆ ಸಾಹಿತ್ಯ ತಾಜಿಕ್ಕೋ ಉಜ್ಬೆಕ್ಕೋ ಎಂಬುದು ದೊಡ್ಡ ವಿಷಯವಾಗಿರಲಿಲ್ಲ. ಬುಖಾರಾದಲ್ಲಿ ಹಾಡುತ್ತಿದ್ದದ್ದು ಹೆಚ್ಚಾಗಿ ಪರ್ಷಿಯನ್ ಗಜಲುಗಳನ್ನು, ಜತೆಗೆ ತುರ್ಕಿಯವನ್ನೂ. ಹೆಸರಾಂತ ಗಾಯಕರಲ್ಲಿ ಹಲವರು ಯಹೂದಿಗಳು. ಕೊನೆಯ ಅಮೀರನ ಆಸ್ಥಾನದ ಮೆಚ್ಚಿನ ಗಾಯಕ ಲೆವಿ ಬಾಬಾಖಾನೊವ್ ಅವರಲ್ಲೊಬ್ಬ.

ಅಮೀರನ ಆಳ್ವಿಕೆ 1920ರಲ್ಲಿ ಮುಗಿಯಿತು. ಬುಖಾರಾದ ಹೊಸ ಸರ್ಕಾರದಲ್ಲಿದ್ದ ಸುಧಾರಕ ಲೇಖಕ ಅಬ್ದುರವೂಫ್ ಫಿತ್ರತ್ ಈ ಸಂಗೀತ ಕಣ್ಮರೆಯಾದೀತೆಂದು ರಷ್ಯದ ಸಂಗೀತಜ್ಞ ವಿಕ್ಟರ್ ಉಸ್ಪೆನ್‌ಸ್ಕಿಯನ್ನು ಕರೆಸಿ, ಹಳೆಯ ಉಸ್ತಾದರು ಹಾಡಿದ್ದನ್ನು ಸ್ವರಲಿಪಿಗೆ ಇಳಿಸುವ ಕೆಲಸ ಒಪ್ಪಿಸಿದ. 1924ರಲ್ಲಿ ಪುಸ್ತಕ ಹೊರಬಂತು. ಅದರಲ್ಲಿ ಸ್ವರಗಳಿದ್ದವು, ಹಾಡಿನ ಸಾಹಿತ್ಯ ಇರಲಿಲ್ಲ. ಗಡಿ ಎಳೆದ ವರ್ಷವೇ ಬಂದ ಪುಸ್ತಕವದು. ತಾಜಿಕ್ ಸಾಹಿತ್ಯವನ್ನು ಅಚ್ಚು ಹಾಕಿದರೆ ಸಂಗೀತ ಯಾರದ್ದೆಂಬ ಪ್ರಶ್ನೆ ಏಳುತ್ತಿತ್ತು ಎಂದು ಮುಂದಿನ ವಿದ್ವಾಂಸರು ಊಹಿಸಿದ್ದಾರೆ. ಊಹೆ ಸರಿಯೆಂದೇ ತೋರುತ್ತದೆ. ಫಿತ್ರತ್ 1938ರಲ್ಲಿ ಸ್ಟಾಲಿನ್ ಕಾಲದ ಮರಣದಂಡನೆಗೆ ಬಲಿಯಾದ.

ಮುಂದೆ ಎರಡು ರಾಜಧಾನಿಗಳಲ್ಲಿ ಎರಡು ಆವೃತ್ತಿಗಳು ಸಿದ್ಧವಾದವು. ದುಶಾಂಬೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಐದು ಸಂಪುಟಗಳು ತಾಜಿಕ್ ಸಾಹಿತ್ಯದೊಡನೆ ಬಂದವು. ತಾಷ್ಕೆಂಟಿನಲ್ಲಿ ಯೂನುಸ್ ರಜಬಿ ಉಜ್ಬೆಕ್ ಸಾಹಿತ್ಯ ಕೂಡಿಸಿ ತನ್ನ ಸಂಪುಟಗಳನ್ನು ಹೊರತಂದು, ಅಲ್ಲಿನ ರೇಡಿಯೋದಲ್ಲಿ ಮಕೋಮ್ ವೃಂದವನ್ನೂ ಕಟ್ಟಿದ. ಎರಡೂ ಶ್ರದ್ಧೆಯ ಕೆಲಸಗಳೇ. ಆದರೆ ಎರಡೂ ಭಾಷೆ ಬಲ್ಲ ಗಾಯಕ ಒಂದೇ ಕೂಟದಲ್ಲಿ ಎರಡನ್ನೂ ಬೆರೆಸಿ ಹಾಡುತ್ತಿದ್ದ ಬುಖಾರಾದ ರೂಢಿಗೆ ಈ ಎರಡರಲ್ಲೂ ಜಾಗ ಸಿಗಲಿಲ್ಲ. ಯಹೂದಿ ಗಾಯಕರು 1970ರ ದಶಕದಿಂದ ಒಬ್ಬೊಬ್ಬರಾಗಿ ಇಸ್ರೇಲಿಗೂ ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಗೂ ಹೊರಟುಹೋದರು. ಹಳೆಯ ಬುಖಾರಾದ ಬೆರಕೆಯ ಹಾಡುಗಾರಿಕೆ ಕೇಳಬೇಕಾದರೆ ಕೆಲ ಕಾಲ ಕ್ವೀನ್ಸಿನ ಮದುವೆ ಮನೆಗಳೇ ಒಳ್ಳೆಯ ಜಾಗವಾಗಿದ್ದವು.

2003ರಲ್ಲಿ ತಾಜಿಕಿಸ್ತಾನ ಮತ್ತು ಉಜ್ಬೇಕಿಸ್ತಾನ ಒಟ್ಟಾಗಿ ಸಲ್ಲಿಸಿದ ಅರ್ಜಿಯ ಮೇಲೆ ಯುನೆಸ್ಕೊ ಶಶ್‌ಮಕೋಮನ್ನು ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಯೆಂದು ಸಾರಿತು. 2008ರಲ್ಲಿ ಅದು ಎರಡೂ ದೇಶಗಳ ಹೆಸರಿನಲ್ಲಿ ಪ್ರಾತಿನಿಧಿಕ ಪಟ್ಟಿಗೆ ಸೇರಿತು. ಆ ಹೊತ್ತಿನ ಸ್ಥಿತಿ ನೆನೆದರೆ ಈ ಜಂಟಿ ರುಜುವಿನ ಬೆಲೆ ತಿಳಿಯುತ್ತದೆ. ಎರಡು ರಾಜಧಾನಿಗಳ ನಡುವೆ ವಿಮಾನ ಸಂಚಾರ 1992ರಲ್ಲೇ ನಿಂತಿತ್ತು. ಉಗ್ರರ ನುಸುಳಿಕೆಗೆ ಹೆದರಿ ಉಜ್ಬೇಕಿಸ್ತಾನ 1999–2000ರಲ್ಲಿ ಗಡಿಯುದ್ದಕ್ಕೂ ನೆಲಬಾಂಬ್ ಹುದುಗಿಸಿತ್ತು. ಸೌದೆಗೋ ಕುರಿ ಮೇಯಿಸಲೋ ಹೋದ ಹಳ್ಳಿಗರು ಅವುಗಳಿಗೆ ಬಲಿಯಾಗುತ್ತಿದ್ದರು. ಬೆಟ್ಟದ ಮೇಲಿನ ತಾಜಿಕಿಸ್ತಾನ ಕಟ್ಟಲು ಹೊರಟ ರೋಗುನ್ ಅಣೆಕಟ್ಟೆಯಿಂದ ತನ್ನ ಹತ್ತಿ ಹೊಲಗಳಿಗೆ ನೀರು ತಪ್ಪೀತೆಂದು ತಾಷ್ಕೆಂಟ್ ಕೆಂಡವಾಗಿತ್ತು. ಅಂಥ ದಿನಗಳಲ್ಲೂ ಸಂಗೀತ ಶಾಲೆ, ಉಸ್ತಾದರು, ಧ್ವನಿಮುದ್ರಣಗಳ ಕುರಿತು ಎರಡೂ ಸರ್ಕಾರಗಳ ಅಧಿಕಾರಿಗಳು ಒಂದೇ ಕಾಗದದ ಮೇಲೆ ಮಾತಾಡಿದರು. ನೆಲಬಾಂಬ್ ತೆಗೆಸುವ ಶಕ್ತಿ ಆ ಕಾಗದಕ್ಕೆ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ರೇಷ್ಮೆ ಹಾದಿಯ ಜಂಟಿ ಕಡತಗಳು

ಕಟ್ಟಡ ಮತ್ತು ಅವಶೇಷಗಳ ಕೆಲಸ ಇದಕ್ಕಿಂತ ಬಿಗಿಯಾದದ್ದು. ಹಲವು ದೇಶಗಳ ತಾಣಗಳನ್ನು ಒಂದೇ ಸರಣಿಯಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಬೇಕಾದರೆ ಪ್ರತಿ ದೇಶವೂ ತನ್ನ ತಾಣವನ್ನು ಒಂದೇ ಮಾದರಿಯಲ್ಲಿ ಅಳೆದು, ಸುತ್ತಲಿನ ರಕ್ಷಿತ ವಲಯವನ್ನು ಗುರುತಿಸಿ, ಜಂಟಿ ನಿರ್ವಹಣಾ ಯೋಜನೆಗೆ ಸಹಿ ಹಾಕಬೇಕು. ಆಮೇಲೂ ಬಿಡುಗಡೆಯಿಲ್ಲ: ಒಂದು ದೇಶದ ಒಂದೇ ತಾಣ ಹಾಳಾದರೂ ಇಡೀ ಸರಣಿ ‘ಅಪಾಯದಲ್ಲಿರುವ ಪರಂಪರೆ’ಯ ಪಟ್ಟಿಗೆ ಹೋಗಬಹುದು. ಹೀಗಾಗಿ ನೆರೆಯವನ ದಿಬ್ಬವನ್ನು ಕಾಯುವುದು ತನ್ನ ಹೊಣೆಯೂ ಆಗುತ್ತದೆ. ಸಹಕಾರವನ್ನು ಭಾಷಣದಿಂದ ಕೆಲಸಕ್ಕೆ ಇಳಿಸುವ ಇಂಥ ನಿಯಮಗಳು ಬೇರೆ ಎಷ್ಟಿವೆಯೋ ಕಾಣೆ.

ರೇಷ್ಮೆ ಹಾದಿಯನ್ನು ಪಟ್ಟಿಗೆ ಸೇರಿಸುವ ಯೋಚನೆ 2000ದ ದಶಕದ ಮೊದಲರ್ಧದಲ್ಲಿ ಮೊಳೆಯಿತು. ಚೀನಾ ಮತ್ತು ಐದು ಮಧ್ಯ ಏಷ್ಯಾ ದೇಶಗಳು ಒಟ್ಟಿಗೆ ಹೊರಟವು. 2009ರಲ್ಲಿ ಸಮನ್ವಯ ಸಮಿತಿ ರಚನೆಯಾಯಿತು. ಸಾವಿರಾರು ಕಿಲೋಮೀಟರಿನ ಹಾದಿಗಳನ್ನು ಒಂದೇ ಕಡತದಲ್ಲಿ ತುಂಬುವುದು ಆಗದ ಮಾತೆಂದು ಬೇಗನೆ ಅರಿವಾಗಿ, ಲಂಡನ್ನಿನ ಪುರಾತತ್ತ್ವಜ್ಞ ಟಿಮ್ ವಿಲಿಯಮ್ಸ್ ಮಾಡಿದ ಅಧ್ಯಯನದ ಆಧಾರದ ಮೇಲೆ ಹಾದಿಯನ್ನು ಹಲವು ಕಾರಿಡಾರುಗಳಾಗಿ ವಿಂಗಡಿಸಲಾಯಿತು. 2011ರಿಂದ ಜಪಾನಿನ ಹಣದ ನೆರವಿನಲ್ಲಿ ಐದೂ ದೇಶಗಳ ಪುರಾತತ್ತ್ವ ಇಲಾಖೆಯವರಿಗೆ ಒಂದೇ ಬಗೆಯ ದಾಖಲಾತಿ ತರಬೇತಿ ಸಿಕ್ಕಿತು. ಬಿಸಿಲಿನಲ್ಲಿ ಮಣ್ಣಿನ ಗೋಡೆಯ ಮುಂದೆ ಅಳತೆ ಯಂತ್ರ ಹಿಡಿದು ನಿಂತ ತಾಜಿಕ್, ಉಜ್ಬೆಕ್, ತುರ್ಕ್‌ಮೆನ್ ತರುಣರಿಗೆ ಆಗ ನೆರವಾದ ಸಾಮಾನ್ಯ ಭಾಷೆ ಸೋವಿಯತ್ ಕಾಲ ಬಿಟ್ಟುಹೋದ ರಷ್ಯನ್.

ಮೊದಲ ಫಲ 2014ರಲ್ಲಿ ಬಂತು. ಚಾಂಗ್‌ಆನ್–ತಿಯಾನ್‌ಶಾನ್ ಕಾರಿಡಾರಿನ 33 ತಾಣಗಳು, ಚೀನಾದ 22, ಕಜಕ್‌ಸ್ತಾನದ 8, ಕಿರ್ಗಿಸ್ತಾನದ 3, ಪಟ್ಟಿಗೆ ಸೇರಿದವು. ಕಿರ್ಗಿಸ್ತಾನದ ಮೂರೂ ಚೂಯ್ ಕಣಿವೆಯವು. ಅವುಗಳಲ್ಲೊಂದಾದ ಸುಯಾಬ್ ನಗರಕ್ಕೆ ಭಾರತದತ್ತ ಹೊರಟಿದ್ದ ಹ್ಯೂಯೆನ್ ತ್ಸಾಂಗ್ ಸುಮಾರು ಕ್ರಿ.ಶ. 630ರಲ್ಲಿ ಬಂದಿದ್ದ. ಪಟ್ಟಿಗೆ ಸೇರಿದ್ದೇ ಪರೀಕ್ಷೆಯೂ ಎದುರಾಯಿತು. ಕಜಕ್‌ಸ್ತಾನದ ತಲ್ಗರ್ ತಾಣದ ಮೇಲೆ ರಸ್ತೆ ಕಾಮಗಾರಿ ಕೈಗೊಂಡಾಗ ವಿಶ್ವ ಪರಂಪರೆ ಸಮಿತಿ ವಿವರ ಕೇಳಿತು. ಒಂಟಿ ತಾಣವಾಗಿದ್ದರೆ ಅದು ಆ ದೇಶದ ತಲೆನೋವಾಗಿ ಮುಗಿಯುತ್ತಿತ್ತು. ಇಲ್ಲಿ ಬೀಜಿಂಗ್, ಬಿಷ್ಕೆಕ್‌ಗಳೂ ಉತ್ತರಕ್ಕೆ ಕಾಯುತ್ತಿದ್ದವು.

ಎರಡನೆಯ ಕಡತ ತಾಜಿಕಿಸ್ತಾನ ಮತ್ತು ಉಜ್ಬೇಕಿಸ್ತಾನಗಳದ್ದು: ಪಂಜಕೆಂತ್–ಸಮರ್‌ಖಂದ್–ಪೈಕೆಂದ್. ಅದು 2014ರಲ್ಲಿ ಪಾಸಾಗದೆ ವಾಪಸ್ಸು ಬಂತು. ಕಡತ ಬಡವಾಗಿತ್ತು ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನೆಲದ ಮೇಲೇ ಕಾಣುತ್ತಿತ್ತು. ಪಂಜಕೆಂತಿನಿಂದ ಸಮರ್‌ಖಂದಕ್ಕೆ ಸುಮಾರು 60 ಕಿಲೋಮೀಟರ್. ಬೆಳಗ್ಗೆ ಹೊರಟು ಸಂತೆ ಮುಗಿಸಿ ಸಂಜೆಗೆ ಮನೆ ಸೇರುವ ದೂರ. ನಡುವಿನ ಗಡಿ ದ್ವಾರವನ್ನು 2010ರಲ್ಲಿ ಮುಚ್ಚಲಾಗಿತ್ತು. ಕಡತದಲ್ಲಿ ಎರಡು ಊರುಗಳನ್ನು ಕೂಡಿಸುವ ಹಾದಿ ಇತ್ತು, ನೆಲದ ಮೇಲೆ ಮುಳ್ಳುತಂತಿ ಇತ್ತು.

ಪಂಜಕೆಂತ್ ಸೋಗ್ದಿಯನ್ನರೆಂಬ ಪ್ರಾಚೀನ ವರ್ತಕ ಜನರ ಊರು. 8ನೆಯ ಶತಮಾನದಲ್ಲಿ ಅರಬರ ದಾಳಿಯ ಬಳಿಕ ಕ್ರಮೇಣ ಪಾಳುಬಿದ್ದು, ಮಣ್ಣಿನಡಿ ಹೂತುಹೋದ್ದರಿಂದಲೇ ಅದರ ಭಿತ್ತಿಚಿತ್ರಗಳು ಉಳಿದವು. 1940ರ ದಶಕದಿಂದ ನಡೆದ ಉತ್ಖನನದಲ್ಲಿ ಸಾಮಾನ್ಯ ಸಿರಿವಂತರ ಮನೆಗಳಲ್ಲೂ ಗೋಡೆ ತುಂಬ ಚಿತ್ರಗಳು ಸಿಕ್ಕವು: ಮೇಲಿನ ದೊಡ್ಡ ಪಟ್ಟಿಕೆಗಳಲ್ಲಿ ರುಸ್ತುಮನಂಥ ವೀರರ ಕತೆ, ಕೆಳಗೆ ಕೂತವರ ಕಣ್ಣಿಗೆ ನೇರವಾಗಿ ಬೀಳುವಂತೆ ಪುಟ್ಟ ಚೌಕಗಳಲ್ಲಿ ನೀತಿಕತೆಗಳು. ಅವುಗಳಲ್ಲಿ ಪಂಚತಂತ್ರದವೂ ಇವೆ. ಸಿಂಹವನ್ನು ಬಾವಿಗೆ ಬೀಳಿಸಿದ ಮೊಲ ಅಲ್ಲೂ ಉಂಟು. ಕನ್ನಡದಲ್ಲಿ ದುರ್ಗಸಿಂಹ ಪಂಚತಂತ್ರವನ್ನು ಬರೆದದ್ದು ಕ್ರಿ.ಶ. 1031ರ ಸುಮಾರಿಗೆ; ಅದಕ್ಕೆ ಮುನ್ನೂರು ವರ್ಷ ಮೊದಲೇ ಆ ಕತೆ ಸರಕಿನ ಮೂಟೆಗಳ ಜತೆ ಪಂಜಕೆಂತ್ ಇರುವ ಜರಫ್‌ಶಾನ್ ಕಣಿವೆಗೆ ತಲುಪಿಯಾಗಿತ್ತು. ಇಂದು ಆ ಚಿತ್ರಗಳಲ್ಲಿ ಒಂದು ಪಾಲು ದುಶಾಂಬೆಯಲ್ಲೂ ದೊಡ್ಡ ಪಾಲು ರಷ್ಯದ ಹರ್ಮಿಟೇಜ್ ಸಂಗ್ರಹಾಲಯದಲ್ಲೂ ಇವೆ.

2016ರ ನಂತರ ಹವೆ ಬದಲಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಉಜ್ಬೇಕಿಸ್ತಾನದ ಅಧ್ಯಕ್ಷ ಇಸ್ಲಾಂ ಕರಿಮೊವ್ ತೀರಿಕೊಂಡು ಶವ್ಕತ್ ಮಿರ್ಜಿಯೊಯೆವ್ ಅಧಿಕಾರಕ್ಕೆ ಬಂದರು. ನೆರೆಯವರೊಡನೆ ಮುನಿಸು ವ್ಯಾಪಾರಕ್ಕೆ ನಷ್ಟವೆಂಬ ಲೆಕ್ಕ ಅವರದ್ದು. 2017ರಲ್ಲಿ ಕಾಲು ಶತಮಾನದ ಮೇಲೆ ತಾಷ್ಕೆಂಟ್–ದುಶಾಂಬೆ ವಿಮಾನ ಹಾರಿತು. 2018ರ ಮಾರ್ಚ್ 1ರಂದು ಪಂಜಕೆಂತ್ ಬಳಿಯ ಗಡಿ ದ್ವಾರ ತೆರೆಯಿತು. ಅದೇ ತಿಂಗಳು ಮಿರ್ಜಿಯೊಯೆವ್ ದುಶಾಂಬೆಗೆ ಭೇಟಿಯಿತ್ತರು, 30 ದಿನದವರೆಗಿನ ಭೇಟಿಗೆ ವೀಸಾ ಬೇಡವಾಯಿತು. ನೆಲಬಾಂಬ್‌ಗಳನ್ನು ತೆಗೆಯುವ ಕೆಲಸವೂ ಶುರುವಾಯಿತು. ರೋಗುನ್ ಕುರಿತ ಗದ್ದಲ ತಣ್ಣಗಾಯಿತು.

ಮೂಲೆಗೆ ಬಿದ್ದಿದ್ದ ಕಡತ ಈಗ ಮೇಲೆದ್ದಿತು. ತುರ್ಕ್‌ಮೆನಿಸ್ತಾನವೂ ಸೇರಿ ಹಾದಿ ಕರಾಕುಂ ಮರುಭೂಮಿಯ ಆಚೆಯವರೆಗೆ ಬೆಳೆಯಿತು. 2023ರಲ್ಲಿ ‘ಜರಫ್‌ಶಾನ್–ಕರಾಕುಂ ಕಾರಿಡಾರ್’ ಎಂಬ ಹೆಸರಿನಲ್ಲಿ 866 ಕಿಲೋಮೀಟರ್ ಉದ್ದದ, 34 ತಾಣಗಳ ಸರಣಿ ವಿಶ್ವ ಪರಂಪರೆಯಾಯಿತು. ಇದು ಬಹುಮಟ್ಟಿಗೆ ಜರಫ್‌ಶಾನ್ ನದಿಯ ಹಾದಿ. ನದಿ ತಾಜಿಕ್ ಹಿಮಗಡ್ಡೆಗಳಲ್ಲಿ ಹುಟ್ಟಿ, ಸಮರ್‌ಖಂದ್ ಮತ್ತು ಬುಖಾರಾದ ತೋಟಗಳಿಗೆ ನೀರುಣಿಸಿ, ಅಮು ದರ್ಯಾ ಸೇರುವ ಮೊದಲೇ ಮರಳಿನಲ್ಲಿ ಇಂಗಿಹೋಗುತ್ತದೆ. ದಾರಿಯಲ್ಲಿರುವ ರಬಾತ್-ಇ-ಮಲಿಕ್ 11ನೆಯ ಶತಮಾನದ ಛತ್ರ. ಎತ್ತರದ ಇಟ್ಟಿಗೆ ಹೆಬ್ಬಾಗಿಲೊಂದೇ ಪೂರ್ತಿ ಉಳಿದಿದೆ. ಇಂದಿನ ಹೆದ್ದಾರಿಯ ಆಚೆ ಬದಿಯಲ್ಲಿ ಗುಮ್ಮಟ ಮುಚ್ಚಿದ ನೀರಿನ ಕೊಳ. ಒಂಟೆಗಳ ಸಾಲು ನಿಲ್ಲುತ್ತಿದ್ದ ಕಡೆ ಈಗ ಸರಕು ಲಾರಿಗಳು ನಿಲ್ಲದೆ ಹೋಗುತ್ತವೆ. ಮೇಲಿನವರು ನೀರು ಬಿಟ್ಟರಷ್ಟೇ ಕೆಳಗಿನವರ ಬದುಕು ಎಂಬ ಪರಿಸ್ಥಿತಿ ಇರುವ ಕಣಿವೆಯಲ್ಲಿ ತಾಣಗಳನ್ನು ಕಾಯಲು ಮೇಲಿನವರೂ ಕೆಳಗಿನವರೂ ಒಂದೇ ಸಮಿತಿಯಲ್ಲಿ ಕೂರುವುದಕ್ಕೆ ಪುರಾತತ್ತ್ವದ ಆಚೆಗೂ ಅರ್ಥವಿದೆ.

ಹಬ್ಬ, ಅನ್ನ, ನಗೆ

ನವರೋಜ್ ಮಾರ್ಚ್ 20–21ರ ವಸಂತದ ಹಬ್ಬ. ಸೋವಿಯತ್ ಆಡಳಿತ ಅದನ್ನು ಧಾರ್ಮಿಕ ಮೂಢನಂಬಿಕೆಯ ಪಟ್ಟಿಗೆ ಸೇರಿಸಿ ಬಹುಕಾಲ ಅದುಮಿತ್ತು. ಹಳ್ಳಿ ಮನೆಗಳು ಬಿಟ್ಟಿರಲಿಲ್ಲ. 2009ರಲ್ಲಿ ಅಜರ್‌ಬೈಜಾನ್, ಭಾರತ, ಇರಾನ್, ಕಿರ್ಗಿಸ್ತಾನ, ಪಾಕಿಸ್ತಾನ, ತುರ್ಕಿ, ಉಜ್ಬೇಕಿಸ್ತಾನ ಒಟ್ಟಾಗಿ ಅದನ್ನು ಯುನೆಸ್ಕೊ ಪಟ್ಟಿಗೆ ಸೇರಿಸಿದವು. ಭಾರತ ಮತ್ತು ಪಾಕಿಸ್ತಾನ ಒಂದೇ ಅರ್ಜಿಗೆ ಸಹಿ ಹಾಕಿದ ಅಪರೂಪದ ಸಂದರ್ಭವದು. ಎರಡು ದೇಶಗಳ ಪಾರ್ಸಿಗಳು ಅದಕ್ಕೆ ಒಂದು ಕಾರಣ. 2010ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಾರ್ಚ್ 21ನ್ನು ಅಂತರರಾಷ್ಟ್ರೀಯ ನವರೋಜ್ ದಿನವೆಂದು ಸಾರಿತು. 2016ಕ್ಕೆ ದೇಶಗಳ ಸಂಖ್ಯೆ 12 ಆಗಿ ಮಧ್ಯ ಏಷ್ಯಾದ ಐದೂ ಒಳಬಂದವು. 2024ರಲ್ಲಿ ಮಂಗೋಲಿಯಾ ಸೇರಿ 13 ಆಯಿತು.

ಹಬ್ಬದ ಮುಖ್ಯ ಪಾಕ ಸುಮಲಕ್. ಮೊಳಕೆ ಬಂದ ಗೋಧಿಯನ್ನು ಅರೆದು ಹಾಲು ಹಿಂಡಿ, ಹಿಟ್ಟು ಮತ್ತು ಎಣ್ಣೆ ಬೆರೆಸಿ ದೊಡ್ಡ ಕೊಪ್ಪರಿಗೆಯಲ್ಲಿ ಕುದಿಸುತ್ತಾರೆ. ಸಕ್ಕರೆ ಹಾಕುವುದಿಲ್ಲ, ಸಿಹಿ ಮೊಳಕೆಯಿಂದಲೇ ಬರಬೇಕು. ತಳ ಹಿಡಿಯದಿರಲೆಂದು ತೊಳೆದ ಬೆಣಚುಕಲ್ಲುಗಳನ್ನು ಒಳಗೆ ಹಾಕಿ, ಕೇರಿಯ ಹೆಂಗಸರು ಸರದಿಯ ಮೇಲೆ ರಾತ್ರಿಯಿಡೀ ಹಾಡುತ್ತ ತಿರುವುತ್ತಾರೆ. ಬೆಳಗಾಗುವಾಗ ಅದು ಕಂದು ಬಣ್ಣದ ಹಲ್ವದ ಹದಕ್ಕೆ ಬಂದಿರುತ್ತದೆ. ಬಟ್ಟಲಲ್ಲಿ ಕಲ್ಲು ಸಿಕ್ಕವರಿಗೆ ಶುಭವಂತೆ. ತಾಜಿಕರಲ್ಲಿ ಇದು ಸುಮನಕ್, ಕಿರ್ಗಿಸರಲ್ಲಿ ಸುಮೊಲೊಕ್. ಕಜಕರು ಏಳು ಪದಾರ್ಥಗಳ ‘ನೌರಿಜ್ ಕೊಜೆ’ ಎಂಬ ಗಂಜಿ ಮಾಡುತ್ತಾರೆ.

ಹಬ್ಬ ಒಂದಾದ ವರ್ಷವೇ ಅನ್ನ ಬೇರೆಯಾಯಿತು. ಮಾಂಸ, ಗಜ್ಜರಿ, ಈರುಳ್ಳಿ ಹುರಿದು ಅಕ್ಕಿ ಬೇಯಿಸುವ ಪಲಾವು ಉಜ್ಬೇಕಿಸ್ತಾನ, ತಾಜಿಕಿಸ್ತಾನ ಎರಡರಲ್ಲೂ ಮದುವೆ–ಸಾವಿನ ಊಟ. 2016ರಲ್ಲಿ ಆದಿಸ್ ಅಬಾಬಾದಲ್ಲಿ ನಡೆದ ಯುನೆಸ್ಕೊ ಸಭೆಯಲ್ಲಿ ಉಜ್ಬೇಕಿಸ್ತಾನದ ‘ಪಲೋವ್’, ತಾಜಿಕಿಸ್ತಾನದ ‘ಓಶಿ ಪಲವ್’ ಎರಡು ಬೇರೆ ಅರ್ಜಿಗಳಾಗಿ ಬಂದು ಎರಡೂ ಪಟ್ಟಿಗೆ ಸೇರಿದವು. ಜಂಟಿ ಅರ್ಜಿ ಹಾಕಿದ್ದರೆ ಅಡುಗೆಯ ರುಚಿಯೇನೂ ಕೆಡುತ್ತಿರಲಿಲ್ಲ. ‘ಮನಸ್’ ಕಾವ್ಯವೂ ಹೀಗೆಯೇ: ತನ್ನ ಕಿರ್ಗಿಸ್ ಪ್ರಜೆಗಳ ಪರವಾಗಿ ಚೀನಾ 2009ರಲ್ಲೇ ಅದನ್ನು ಪಟ್ಟಿಗೆ ಸೇರಿಸಿದಾಗ ಕಿರ್ಗಿಸ್ತಾನಕ್ಕೆ ಕಸಿವಿಸಿಯಾಯಿತು, 2013ರಲ್ಲಿ ಅದು ‘ಮನಸ್, ಸೆಮೆತೆಯ್, ಸೆಯ್ತೆಕ್’ ಎಂಬ ಮೂರು ಕಾವ್ಯಗಳ ಸರಣಿಯನ್ನು ತನ್ನ ಹೆಸರಿನಲ್ಲಿ ಸೇರಿಸಿತು.

ಜಂಟಿಯಾಗಿ ಬಂದವೂ ಕಡಿಮೆಯಿಲ್ಲ. ಕಜಕ್ ಮತ್ತು ಕಿರ್ಗಿಸ್ ಯುರ್ತ್ ಗುಡಾರದ ಕೌಶಲ 2014ರಲ್ಲಿ, ಇಬ್ಬರು ಆಶುಕವಿಗಳು ದೊಂಬ್ರಾ ಅಥವಾ ಕೊಮುಜ್ ಮೀಟುತ್ತ ಸವಾಲ್–ಜವಾಬು ನಡೆಸುವ ಐತಿಶ್ 2015ರಲ್ಲಿ, ರುಬಾಬ್ ವಾದ್ಯದ ತಯಾರಿಕೆ ಮತ್ತು ವಾದನ 2024ರಲ್ಲಿ. 2022ರಲ್ಲಿ ನಸ್ರುದ್ದೀನನ ಚುಟುಕು ಕತೆ ಹೇಳುವ ಪರಂಪರೆಯನ್ನು ಏಳು ದೇಶಗಳು ಸೇರಿ ಒಪ್ಪಿಸಿದವು. ಕನ್ನಡ ಮಕ್ಕಳ ಪತ್ರಿಕೆಗಳಲ್ಲಿ ಬಂದುಹೋದ ಅದೇ ಮುಲ್ಲಾ, ಅದೇ ಕತ್ತೆ. ಅವನು ಎಲ್ಲಿಯವನೆಂಬ ಜಗಳಕ್ಕೆ ಏಳೂ ದೇಶಗಳು ಈ ಸಲ ಹೋಗಲಿಲ್ಲ.

ಸಂಸ್ಥೆಗಳು

ಸಮರ್‌ಖಂದದಲ್ಲಿ 1995ರಿಂದ ಯುನೆಸ್ಕೊ ಆಶ್ರಯದ ಅಂತರರಾಷ್ಟ್ರೀಯ ಮಧ್ಯ ಏಷ್ಯಾ ಅಧ್ಯಯನ ಸಂಸ್ಥೆ ಕೆಲಸ ಮಾಡುತ್ತಿದೆ. ತುರ್ಕಿಕ್ ದೇಶಗಳ ಸಾಂಸ್ಕೃತಿಕ ಸಂಘಟನೆ ತುರ್ಕ್‌ಸೊಯ್ 1993ರದ್ದು. ಭಾಷೆಯ ಲೆಕ್ಕದಿಂದ ತಾಜಿಕಿಸ್ತಾನ ಅದರಿಂದ ಹೊರಗೆ. ಕುದುರೆಯ ಮೇಲಿಂದ ಆಡು ಕಸಿಯುವ ಕೊಕ್-ಬೊರು ಮೊದಲಾದ ಆಟಗಳ ವಿಶ್ವ ಅಲೆಮಾರಿ ಕ್ರೀಡಾಕೂಟವನ್ನು ಕಿರ್ಗಿಸ್ತಾನ 2014ರಲ್ಲಿ ಇಸಿಕ್‌ಕುಲ್ ಸರೋವರದ ದಂಡೆಯಲ್ಲಿ ಆರಂಭಿಸಿತು. 2024ರ ಕೂಟ ಕಜಕ್‌ಸ್ತಾನದ ಅಸ್ತಾನಾದಲ್ಲಿ ನಡೆಯಿತು. 2018ರ ಮಾರ್ಚಿನಿಂದ ಐದೂ ದೇಶಗಳ ಅಧ್ಯಕ್ಷರ ಸಮಾಲೋಚನಾ ಸಭೆ ಸೇರುತ್ತಿದೆ. 2025ರ ಅಕ್ಟೋಬರ್–ನವೆಂಬರಿನಲ್ಲಿ ಯುನೆಸ್ಕೊ ತನ್ನ ಮಹಾಸಮ್ಮೇಳನವನ್ನು 40 ವರ್ಷಗಳಲ್ಲಿ ಮೊದಲ ಬಾರಿಗೆ ಪ್ಯಾರಿಸಿನ ಹೊರಗೆ, ಸಮರ್‌ಖಂದದಲ್ಲಿ ನಡೆಸಿತು.

ಮಿತಿಗಳು

ಪರಂಪರೆಯ ಹೆಸರಿನಲ್ಲಿ ಪರಂಪರೆಯೇ ಹಾಳಾಗುವುದೂ ಉಂಟು. ತೈಮೂರನ ಹುಟ್ಟೂರಾದ ಶಹರಿಸಬ್ಜ್‌ನಲ್ಲಿ ಪ್ರವಾಸಿಗರಿಗಾಗಿ ಹಳೆಯ ಕೇರಿಗಳನ್ನು ಕೆಡವಿ ಉದ್ಯಾನ, ಅಗಲವಾದ ಹಾದಿ ಮಾಡಿದ್ದರಿಂದ 2016ರಲ್ಲಿ ಅದು ಅಪಾಯದ ಪಟ್ಟಿಗೆ ಸೇರಿತು. ಸಮಾಧಿ, ಮಿನಾರುಗಳು ಉಳಿದವು. ಅವುಗಳ ಸುತ್ತ ಬದುಕಿದ್ದ ಮಣ್ಣಿನ ಮನೆಗಳ ಊರು ಹೋಯಿತು. ಇಂಥ ನಿರ್ಧಾರಗಳಲ್ಲಿ ಕೇರಿಯವರ ಮಾತಿಗೆ ಬೆಲೆ ಸಿಗುವುದು ಈ ಐದು ದೇಶಗಳ ಯಾವುದರಲ್ಲೂ ಸುಲಭವಲ್ಲ. ಅಧ್ಯಕ್ಷರ ನಡುವಿನ ಸ್ನೇಹದಿಂದ ನಡೆಯುವ ಸಹಕಾರಕ್ಕೆ ಇರುವ ದುರ್ಬಲತೆಯೂ ಇದೇ: ಮೇಲಿನಿಂದ ತೆರೆದ ಬಾಗಿಲನ್ನು ಮೇಲಿನಿಂದಲೇ ಮುಚ್ಚಬಹುದು. ಒಂದೇ ವೀಸಾದಲ್ಲಿ ಕಜಕ್‌ಸ್ತಾನ, ಉಜ್ಬೇಕಿಸ್ತಾನಗಳನ್ನು ಸುತ್ತಿಸುವ ‘ರೇಷ್ಮೆ ವೀಸಾ’ ಪ್ರಸ್ತಾಪ 2018ರಿಂದಲೂ ಮಾತಿನಲ್ಲೇ ಇದೆ.

ನವರೋಜ್ ಅನ್ನು ಒಟ್ಟಿಗೆ ಪಟ್ಟಿಗೆ ಸೇರಿಸಿದ್ದ ಕಿರ್ಗಿಸ್ತಾನ ಮತ್ತು ತಾಜಿಕಿಸ್ತಾನ 2021ರ ಏಪ್ರಿಲ್‌ನಲ್ಲಿ ನೀರಿನ ಕಟ್ಟೆಯೊಂದರ ಬಳಿ ಶುರುವಾದ ಜಗಳದಿಂದ ಬಂದೂಕಿಗೆ ಇಳಿದವು. 2022ರ ಸೆಪ್ಟೆಂಬರಿನಲ್ಲಿ ಅದು ಇನ್ನೂ ಭೀಕರವಾಗಿ ಮರುಕಳಿಸಿತು. ಸಾವಿರಾರು ಜನ ಊರು ಬಿಟ್ಟರು, ಮನೆಗಳು, ಶಾಲೆಗಳು ಸುಟ್ಟವು. ಈ ಜಗಳ ಬಗೆಹರಿದದ್ದು ನಕ್ಷೆಗಳನ್ನು ಮುಂದಿಟ್ಟುಕೊಂಡು ಹಳ್ಳಿ, ಕಾಲುವೆ, ರಸ್ತೆಗಳನ್ನು ಒಂದೊಂದಾಗಿ ಚೌಕಾಸಿ ಮಾಡಿದ ಗಡಿ ಆಯೋಗಗಳಿಂದ. ಸುಮಾರು 970 ಕಿಲೋಮೀಟರಿನ ಗಡಿಯ ಒಪ್ಪಂದಕ್ಕೆ 2025ರ ಮಾರ್ಚ್ 13ರಂದು ಬಿಷ್ಕೆಕ್‌ನಲ್ಲಿ ಸಹಿ ಬಿತ್ತು. ಅದೇ ತಿಂಗಳ 31ರಂದು ಈ ಎರಡು ದೇಶಗಳ ಮತ್ತು ಉಜ್ಬೇಕಿಸ್ತಾನದ ಅಧ್ಯಕ್ಷರು ತಾಜಿಕಿಸ್ತಾನದ ಖುಜಂದ್‌ನಲ್ಲಿ ಸೇರಿ, ಮೂರು ಗಡಿಗಳು ಕೂಡುವ ಬಿಂದುವನ್ನು ಒಪ್ಪಿಕೊಂಡರು.

ರೇಷ್ಮೆ ಹಾದಿಯ ಮುಂದಿನ ಜಂಟಿ ಕಡತ ಹಾದುಹೋಗುವುದು ಇದೇ ನೆಲದ ಮೇಲೆ. ಫರ್ಗಾನಾ–ಸಿರ್ ದರ್ಯಾ ಕಾರಿಡಾರ್ ಎಂದು ಹೆಸರಿಟ್ಟಿರುವ ಅದರಲ್ಲಿ ಕಜಕ್‌ಸ್ತಾನ, ಕಿರ್ಗಿಸ್ತಾನ, ತಾಜಿಕಿಸ್ತಾನ, ಉಜ್ಬೇಕಿಸ್ತಾನ ನಾಲ್ಕೂ ಪಾಲುದಾರರು. ರಕ್ಷಿತ ವಲಯಗಳ ನಕ್ಷೆ ಬರೆಯುವವರಿಗೆ ಈಗ ಎರಡೂ ಕಡೆ ಒಪ್ಪಿದ ಗಡಿ ಗೆರೆಯಾದರೂ ಕೈಯಲ್ಲಿದೆ.